ಎಲ್ಲರಿಗೂ ಎಂಬ ಮಾತಿನ ಹೊಣೆ

ವಯಸ್ಸು ಎಷ್ಟೇ ಆಗಿರಲಿ, ದೇಹ ಎಷ್ಟೇ ಜಡವಾಗಿರಲಿ, ಅಂಗವೈಕಲ್ಯವೇ ಇರಲಿ, ಇದು ಎಲ್ಲರಿಗೂ ಒಗ್ಗುವ ವ್ಯಾಯಾಮ ಎಂಬ ಭರವಸೆಯೊಂದಿಗೆ ರಿಫಾರ್ಮರ್ ಪಿಲಾಟಿಸ್ ಜಗತ್ತಿನ ಮಹಾನಗರಗಳನ್ನು ವ್ಯಾಪಿಸುತ್ತಿದೆ. ಮುಂಬೈಯ ಚಿತ್ರತಾರೆಯರ ಮೂಲಕ ನಮ್ಮಲ್ಲಿ ಹೆಸರು ಮಾಡಿದ ಈ ಪದ್ಧತಿಯ ಕೇಂದ್ರಗಳು ಈಗ ಬೆಂಗಳೂರಿನ ಇಂದಿರಾನಗರ, ಕೋರಮಂಗಲಗಳಲ್ಲೂ ಕಾಣಸಿಗುತ್ತವೆ. ಆ ಭರವಸೆ ಸುಳ್ಳೆಂದು ನಾನು ಹೇಳಲಾರೆ. ಆದರೆ ಅದು ನಿಜವಾಗಬೇಕಾದರೆ ಕೆಲವು ಷರತ್ತುಗಳಿವೆ. ಆ ಷರತ್ತುಗಳು ಜಾಹೀರಾತುಗಳಲ್ಲಿ ಕಾಣುವುದಿಲ್ಲ ಎಂಬುದೇ ನನ್ನ ಆಕ್ಷೇಪ.

ರಿಫಾರ್ಮರ್ ಎಂದರೆ ಮಂಚದಂಥ ಒಂದು ಚೌಕಟ್ಟು. ಅದರ ಹಳಿಗಳ ಮೇಲೆ ಹಿಂದೆ ಮುಂದೆ ಸರಿಯುವ ಹಲಗೆ, ಆ ಹಲಗೆಯನ್ನು ಎಳೆದು ಹಿಡಿಯುವ ನಾಲ್ಕೈದು ಸ್ಪ್ರಿಂಗುಗಳು, ಪಾದ ಊರಲು ಒಂದು ಸರಳು, ಕೈಕಾಲಿಗೆ ಸಿಕ್ಕಿಸುವ ಪಟ್ಟಿಗಳು. ನಿಂತು ಕುಕ್ಕರಿಸಲಾಗದವರು ಇದರ ಮೇಲೆ ಮಲಗಿ ಅದೇ ಚಲನೆಯನ್ನು ಅಭ್ಯಾಸ ಮಾಡಬಹುದು. ಮೈಭಾರ ಮಂಡಿಗಳ ಮೇಲೆ ಬೀಳುವುದಿಲ್ಲ. ಸ್ಪ್ರಿಂಗುಗಳನ್ನು ಹೆಚ್ಚು ಕಡಿಮೆ ಮಾಡಿ ಯಂತ್ರವನ್ನು ದೇಹಕ್ಕೆ ಹೊಂದಿಸಬಹುದು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಸ್ಪ್ರಿಂಗು ಕಡಿಮೆಯಾದಷ್ಟೂ ವ್ಯಾಯಾಮ ಸುಲಭವಾಗುತ್ತದೆ ಎಂಬ ಲೆಕ್ಕಾಚಾರ ಸದಾ ಸರಿಯಲ್ಲ. ಕೆಲವು ಭಂಗಿಗಳಲ್ಲಿ ಸ್ಪ್ರಿಂಗಿನ ಹಿಡಿತ ಸಡಿಲವಾದೊಡನೆ ಹಲಗೆ ಜಾರತೊಡಗುತ್ತದೆ. ಅದನ್ನು ಹತೋಟಿಯಲ್ಲಿಡಲು ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳು ಇನ್ನಷ್ಟು ದುಡಿಯಬೇಕಾಗುತ್ತದೆ. ಯಾರಿಗೆ ಎಷ್ಟು ಎಂಬುದನ್ನು ಯಂತ್ರ ತಾನಾಗಿ ನಿರ್ಧರಿಸದು; ಅದನ್ನು ಬೋಧಕರ ಕಣ್ಣು ನಿರ್ಧರಿಸಬೇಕು.

ಈ ಪದ್ಧತಿಯ ಇತಿಹಾಸವೂ ಇದನ್ನೇ ಹೇಳುತ್ತದೆ. 1883ರಲ್ಲಿ ಜರ್ಮನಿಯಲ್ಲಿ ಜನಿಸಿದ ಜೋಸೆಫ್ ಪಿಲಾಟಿಸ್ ಬಾಲ್ಯದಲ್ಲಿ ಉಬ್ಬಸ ಮೊದಲಾದ ಕಾಯಿಲೆಗಳಿಂದ ಬಳಲಿದವರು. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದ ಅವರನ್ನು ಶತ್ರುದೇಶದ ಪ್ರಜೆಯೆಂದು ಬಂಧಿಸಿ ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿರಿಸಲಾಗಿತ್ತು. ಅಲ್ಲಿ ಹಾಸಿಗೆ ಹಿಡಿದಿದ್ದ ರೋಗಿಗಳ ಮಂಚಗಳಿಗೆ ಸ್ಪ್ರಿಂಗು ಜೋಡಿಸಿ ಅವರಿಂದ ವ್ಯಾಯಾಮ ಮಾಡಿಸಿದ್ದೇ ಈ ಯಂತ್ರದ ಮೂಲವೆಂಬ ಕಥೆ ಪ್ರಚಲಿತದಲ್ಲಿದೆ. 1920ರ ದಶಕದಲ್ಲಿ ಅವರು ನ್ಯೂಯಾರ್ಕಿಗೆ ಬಂದು ಎಂಟನೆಯ ಅವೆನ್ಯೂದಲ್ಲಿ ವ್ಯಾಯಾಮಶಾಲೆ ತೆರೆದರು. ಗಾಯಗೊಂಡ ನರ್ತಕರು ಅಲ್ಲಿಗೆ ಬರತೊಡಗಿದರು. ಒಬ್ಬೊಬ್ಬರ ದೇಹವನ್ನೂ ನೋಡಿ ಅದಕ್ಕೆ ತಕ್ಕಂತೆ ಕಲಿಸುವುದು ಆ ಶಾಲೆಯ ಕ್ರಮವಾಗಿತ್ತು.

ಕನ್ನಡಿಗರಿಗೆ ಇದು ಅಪರಿಚಿತ ವಿಚಾರವೇನಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಕೂಡ ರೋಗಪೀಡಿತ ಬಾಲಕರಾಗಿದ್ದರು. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರಿಂದ ಯೋಗ ಕಲಿತು ಪುಣೆಯಲ್ಲಿ ನೆಲೆಸಿದ ಅವರು, ಹಗ್ಗ, ಕುರ್ಚಿ, ಮರದ ತುಂಡುಗಳ ನೆರವಿನಿಂದ ಬಾಗಲಾಗದ ದೇಹಗಳಿಗೂ ಆಸನಗಳನ್ನು ಎಟುಕಿಸಿದರು. ಸಾಧನ ಯಾವುದೇ ಇರಲಿ, ಅದನ್ನು ಯಾರಿಗೆ, ಯಾವಾಗ, ಎಷ್ಟು ಎಂದು ಬಲ್ಲ ಗುರು ಇಲ್ಲದಿದ್ದರೆ ಅದು ಬರಿಯ ಮರ, ಬರಿಯ ಕಬ್ಬಿಣ.

ಈಗಿನ ವ್ಯಾಪಾರಿ ಮಾದರಿಯಲ್ಲಿ ಸೊರಗುತ್ತಿರುವುದು ಈ ಅಂಶವೇ. ದುಬಾರಿ ಬಾಡಿಗೆ, ದುಬಾರಿ ಯಂತ್ರ. ಎರಡರ ವೆಚ್ಚವೂ ಹುಟ್ಟಬೇಕಾದರೆ ಹತ್ತು ಹನ್ನೆರಡು ಯಂತ್ರಗಳನ್ನು ಸಾಲಾಗಿಟ್ಟು, ಸಂಗೀತದ ಲಯಕ್ಕೆ ಒಬ್ಬರೇ ಬೋಧಕರು ಎಲ್ಲರಿಗೂ ಆದೇಶ ನೀಡುವ ತರಗತಿಯೇ ಲಾಭದಾಯಕ. ಆರೋಗ್ಯವಂತ ಯುವಜನರಿಗೆ ಇದರಿಂದ ದೊಡ್ಡ ತೊಂದರೆಯಾಗದಿರಬಹುದು. ಆದರೆ ಆಸ್ಟಿಯೊಪೊರೋಸಿಸ್‌ನಿಂದ ಮೂಳೆ ಟೊಳ್ಳಾದ ಅರವತ್ತೈದರ ಮಹಿಳೆಯೊಬ್ಬರು ಆ ಸಾಲಿನಲ್ಲಿದ್ದರೆ? ಬೆನ್ನನ್ನು ಮುಂದಕ್ಕೆ ಬಲವಾಗಿ ಬಾಗಿಸುವ ವ್ಯಾಯಾಮಗಳಿಂದ ಇಂಥವರ ಬೆನ್ನುಮೂಳೆ ಮುರಿಯುವ ಅಪಾಯವಿದೆ. ಪಿಲಾಟಿಸ್‌ನಲ್ಲಿ ಅಂಥ ಚಲನೆಗಳು ಹಲವಿವೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ತಗ್ಗಾದ ಯಂತ್ರವನ್ನು ಏರುವುದೇ ಸಾಹಸ. ಎತ್ತರದ ಕಾಲುಗಳ ಮಾದರಿ ದೊರೆಯುತ್ತದೆ, ನಿಜ. ಆದರೆ ಕೇಂದ್ರವೇ ಲಿಫ್ಟ್ ಇಲ್ಲದ ಮೂರನೆಯ ಮಹಡಿಯಲ್ಲಿದ್ದರೆ ಆ ಯಂತ್ರದಿಂದ ಏನು ಪ್ರಯೋಜನ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿ ಸೇವಾದಾರರನ್ನೂ ಸುಗಮ ಪ್ರವೇಶದ ಹೊಣೆಯಿಂದ ಹೊರಗಿಟ್ಟಿಲ್ಲ ಎಂಬುದನ್ನು ಇಲ್ಲಿ ನೆನಪಿಸಬೇಕಾಗಿದೆ.

ಪ್ರಯೋಜನದ ವಿಷಯದಲ್ಲೂ ಅತ್ಯುತ್ಸಾಹ ಸಲ್ಲದು. ಸೊಂಟನೋವಿಗೆ ಪಿಲಾಟಿಸ್ ಎಷ್ಟು ಉಪಯುಕ್ತ ಎಂಬುದನ್ನು 2015ರಲ್ಲಿ ಕಾಕ್ರೇನ್ ಸಂಸ್ಥೆ 10 ಪ್ರಯೋಗಗಳನ್ನು ಒರೆಗೆ ಹಚ್ಚಿ ಪರಿಶೀಲಿಸಿತು. ಏನೂ ಮಾಡದಿರುವುದಕ್ಕಿಂತ ಇದು ಮೇಲು. ಆದರೆ ಇತರ ವ್ಯಾಯಾಮಗಳಿಗಿಂತ ಮೇಲೆನ್ನಲು ನಿರ್ಣಾಯಕ ಪುರಾವೆಯಿಲ್ಲ ಎಂಬುದು ಅದರ ಸಾರಾಂಶ. ಪುರಾವೆಯ ಈ ಪ್ರಶ್ನೆಯನ್ನು ಒಂದು ಸರಕಾರ ಹೇಗೆ ಎದುರಿಸಿತು ಎಂಬುದಕ್ಕೆ ಆಸ್ಟ್ರೇಲಿಯಾ ಉದಾಹರಣೆ. ಅಲ್ಲಿ 2019ರ ಏಪ್ರಿಲ್‌ನಿಂದ ಪಿಲಾಟಿಸ್, ಯೋಗ ಮುಂತಾದವುಗಳನ್ನು ಸಾಕ್ಷ್ಯಾಧಾರ ಸಾಲದೆಂಬ ಕಾರಣಕ್ಕೆ ಖಾಸಗಿ ಆರೋಗ್ಯವಿಮೆಯ ಸೌಲಭ್ಯದಿಂದ ಹೊರಗಿಡಲಾಯಿತು. ಮರುಪರಿಶೀಲನೆಯ ಬಳಿಕ 2025ರ ಜುಲೈನಿಂದ ಈ ಎರಡನ್ನೂ ಮತ್ತೆ ಒಳತರಲು ಅವಕಾಶ ನೀಡಲಾಯಿತು. ಎರಡೂ ನಿರ್ಧಾರಗಳನ್ನು ಟೀಕಿಸಬಹುದು. ಆದರೆ ಆರೋಗ್ಯದ ಹೆಸರಿನಲ್ಲಿ ಮಾರಾಟವಾಗುವ ಸೇವೆಯನ್ನು ಸಾರ್ವಜನಿಕ ಪರೀಕ್ಷೆಗೆ ಒಡ್ಡಬೇಕೆಂಬ ತತ್ವ ಅಲ್ಲಿ ಜೀವಂತವಾಗಿದೆ.

ನಮ್ಮಲ್ಲಿ? ಫಿಸಿಯೋಥೆರಪಿ ವೃತ್ತಿಯನ್ನು 2021ರ ರಾಷ್ಟ್ರೀಯ ಕಾಯ್ದೆಯೊಂದರ ವ್ಯಾಪ್ತಿಗೆ ತರಲಾಗಿದೆ. ಪಿಲಾಟಿಸ್ ಬೋಧಕರಿಗೆ ಅಂಥ ಶಾಸನಬದ್ಧ ಕಟ್ಟುಪಾಡಿಲ್ಲ. ಪಿಲಾಟಿಸ್ ಎಂಬುದು ಯಾರೊಬ್ಬರ ಸ್ವತ್ತಲ್ಲ, ಸಾಮಾನ್ಯ ಪದವೆಂದು ನ್ಯೂಯಾರ್ಕಿನ ನ್ಯಾಯಾಲಯ 2000ದಲ್ಲೇ ತೀರ್ಪಿತ್ತಿದೆ. ಆ ತೀರ್ಪು ನ್ಯಾಯವಾದದ್ದೇ. ಆದರೆ ಹೆಸರಿಗೆ ಒಡೆಯರಿಲ್ಲದಾಗ ಗುಣಮಟ್ಟಕ್ಕೆ ಕಾವಲುಗಾರರು ಬೇಕಾಗುತ್ತಾರೆ. 450 ಗಂಟೆಗಳ ತರಬೇತಿ ಪಡೆದವರೂ ಕೆಲವೇ ದಿನಗಳ ಶಿಬಿರ ಮುಗಿಸಿದವರೂ ಗ್ರಾಹಕರ ಕಣ್ಣಿಗೆ ಸಮಾನವಾಗಿ ಬೋಧಕರೇ.

ನಿಷೇಧ ಇದಕ್ಕೆ ಉತ್ತರವಲ್ಲ. ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿ, ಮಹಿಳೆಯರಲ್ಲಿ ಶೇ 57ರಷ್ಟು ಮಂದಿ, ಅಗತ್ಯ ಪ್ರಮಾಣದ ದೈಹಿಕ ಚಟುವಟಿಕೆ ಇಲ್ಲದೆ ಬದುಕುತ್ತಿದ್ದಾರೆಂದು 2022ರ ಸ್ಥಿತಿಯನ್ನು ಕುರಿತ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ವರದಿ ಹೇಳಿದೆ. ಇಂಥ ದೇಶದಲ್ಲಿ ಜನರನ್ನು ಅಲುಗಾಡಿಸುವ ಯಾವ ಸಾಧನವೂ ಸ್ವಾಗತಾರ್ಹ. ಬೋಧಕರ ಅರ್ಹತೆಯನ್ನು ಗೋಡೆಯ ಮೇಲೆ ಪ್ರಕಟಿಸುವುದು, ಸೇರುವ ಮೊದಲು ಆರೋಗ್ಯದ ಇತಿಹಾಸ ಕೇಳುವುದು, ವೃದ್ಧರಿಗೂ ಅಂಗವಿಕಲರಿಗೂ ಮೂರು ನಾಲ್ಕು ಜನರ ಪ್ರತ್ಯೇಕ ತರಗತಿ ನಡೆಸುವುದು: ಇವಿಷ್ಟನ್ನು ಕೇಂದ್ರಗಳು ತಾವಾಗಿಯೇ ಮಾಡಬಹುದು. ಮಾಡದಿದ್ದರೆ ಪರವಾನಗಿ ನೀಡುವ ನಗರಾಡಳಿತ ಮಾಡಿಸಬೇಕು. ಸರಕಾರಿ ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗಗಳಿಗೆ ಒಂದೆರಡು ಯಂತ್ರಗಳನ್ನು ಒದಗಿಸಿದರೆ, ತಿಂಗಳ ಶುಲ್ಕಕ್ಕೆ ಸಾವಿರಾರು ರೂಪಾಯಿ ತೆರಲಾಗದವರಿಗೂ ಅದರ ಉಪಯೋಗ ದೊರೆತೀತು.

ಎಲ್ಲರಿಗೂ ಎಂಬುದು ದೊಡ್ಡ ಮಾತು. ಅದನ್ನು ಆಡುವವರು ತಮ್ಮ ತರಗತಿಯ ಅತ್ಯಂತ ದುರ್ಬಲ ದೇಹಕ್ಕೆ ಉತ್ತರದಾಯಿಗಳಾಗಿರಬೇಕು. ಆ ಸಿದ್ಧತೆ ಇಲ್ಲದವರು ಕೆಲವರಿಗೆ ಮಾತ್ರ ಎಂದು ಫಲಕ ಹಾಕಿಕೊಳ್ಳುವುದೇ ಪ್ರಾಮಾಣಿಕತೆ.