ಸಾವಿನ ಮನೆಗೆ ಜನ ಬರಲೇಬೇಕು

ದುಃಖ ತೀರಾ ಖಾಸಗಿ, ಸಾವಿನ ಮನೆಯ ಭಜನೆ, ಜನಜಂಗುಳಿ, ದಿನಕರ್ಮಗಳೆಲ್ಲ ಬರೀ ಗದ್ದಲ ಎಂದು ಲೇಖನವೊಂದು ತೀರ್ಪು ಕೊಟ್ಟಿದೆ. ಈ ಮಾತನ್ನು ಒಪ್ಪಲಾಗದು.

ಲೇಖಕರು ಉತ್ತರ ಕರ್ನಾಟಕದ ಹಳ್ಳಿಯೊಂದರ ಸಾವಿನ ಮನೆಯಂಗಳದಲ್ಲಿ ಒಂದು ರಾತ್ರಿ ಕೂತು ನೋಡಲಿ. ಏಕತಾರಿ, ದಮ್ಮಡಿ, ತಾಳ ಹಿಡಿದ ಭಜನಾ ಮೇಳ ಬೆಳತನಕ ಶಿಶುನಾಳ ಶರೀಫರ ತತ್ವಪದ ಹಾಡುತ್ತದೆ. ಅಳು ಬಂದವರು ಅಳುತ್ತಾರೆ, ಬಾರದವರು ತಾಳ ಹಾಕುತ್ತಾರೆ. ಒಲೆ ಹಚ್ಚದ ಆ ಮನೆಗೆ ನೆರೆಯವರು ರೊಟ್ಟಿ, ಪಲ್ಯದ ಬುತ್ತಿ ತರುತ್ತಾರೆ. 'ಎರಡು ತುತ್ತು ಉಣ್ಣವ್ವಾ' ಎಂದು ಎದುರು ಕೂತು ಉಣಿಸುತ್ತಾರೆ. ಮಣ್ಣಿಗೆ ಹೋಗುವವರು ಸರದಿಯಂತೆ ಹೆಗಲು ಬದಲಿಸುತ್ತಾರೆ. ದುಃಖದಲ್ಲಿ ಮರಗಟ್ಟಿದ ಮೈಗೆ ನಡೆಯುವ, ಹೊರುವ, ಹಿಡಿಮಣ್ಣು ಹಾಕುವ ಕೆಲಸ ಸಿಗುತ್ತದೆ. ಈ ಆರೈಕೆಯನ್ನು ಗದ್ದಲ ಎನ್ನುವುದು ಅನ್ಯಾಯ.

ಇದೆಲ್ಲ ಇಲ್ಲವಾದರೆ ಏನಾಗುತ್ತದೆಂದು ಕೋವಿಡ್ ತೋರಿಸಿತು. 2021ರಲ್ಲಿ ವಾರಸುದಾರರು ಒಯ್ಯದ ನೂರಾರು ಜನರ ಚಿತಾಭಸ್ಮವನ್ನು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಸರ್ಕಾರವೇ ಕಾವೇರಿಯಲ್ಲಿ ಬಿಟ್ಟಿತು. ಮುಖ ನೋಡದೆ ಕಳಿಸಿಕೊಟ್ಟವರ ಸಂಕಟ ಅನೇಕ ಮನೆಗಳಲ್ಲಿ ಇನ್ನೂ ಆರಿಲ್ಲ.

ಲೇಖಕರ ಒಂದು ಆಕ್ಷೇಪ ನಿಜ: ಸಾಲ ಮಾಡಿಸುವ ತಿಥಿಯೂಟ, ಒಂದೇ ಜಾತಿಯ ಮೇಲೆ ಹೊರಿಸಿದ ಹಲಗೆ ಬಡಿಯುವ ಚಾಕರಿ, ವಿಧವೆಯ ಬಳೆ ಒಡೆಯುವ ಕ್ರೌರ್ಯ ನಿಲ್ಲಲೇಬೇಕು. ಬೇಕಾದವರಿಗೆ ಆಪ್ತಸಮಾಲೋಚಕರ ನೆರವೂ ಸಿಗಲಿ. ಆದರೆ ಕಳೆ ಕೀಳುವ ನೆಪದಲ್ಲಿ ಬೆಳೆ ಕೀಳಬಾರದು. ಸಾವಿನ ಸುದ್ದಿ ಬಂದಾಗ ಮೊಬೈಲಿನಲ್ಲಿ ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾಗಬೇಡಿ. ಹೋಗಿ ಮಾತಾಡಿಸಿಕೊಂಡು ಬನ್ನಿ.