ಪರದೆಗೆ ಬಂದ ಜಾತ್ರೆ ಮತ್ತೆ ಅರಮನೆ ಸೇರಿತು

"ಆನ್‌ಲೈನ್‌ನಲ್ಲಿ ಏನ್ರೀ ಮಜಾ ಇರುತ್ತೆ?" ಬೆಂಗಳೂರಿನ ಐಟಿ ಮಂದಿ ಈ ಮಾತು ಹೇಳಿದಾಗಲೆಲ್ಲ ನನಗೆ ಮೊದಲು ನಗು ಬರುತ್ತೆ, ಆಮೇಲೆ ಸಿಟ್ಟು ಬರುತ್ತೆ. ಊರಿನವರ ಅಂಗಡಿ, ಬ್ಯಾಂಕು, ಪಾಠ ಎಲ್ಲವನ್ನೂ ಆನ್‌ಲೈನ್ ಮಾಡಿ ಅದರಲ್ಲೇ ಸಂಬಳ ಎಣಿಸುವವರು ನಾವು. ನಮ್ಮದೇ ಜಾತ್ರೆ ಆನ್‌ಲೈನ್ ಆದಾಗ ಮಾತ್ರ ಮೂಗು ಮುರಿಯುತ್ತೇವಲ್ಲ, ಇದಕ್ಕೇನನ್ನಬೇಕು?

ನಾನು ಹೇಳ್ತಿರೋದು ಬೆಂಗಳೂರು ಟೆಕ್ ಸಮಿಟ್ ಬಗ್ಗೆ. 1998ರಲ್ಲಿ 'ಬೆಂಗಳೂರು ಐಟಿ ಡಾಟ್ ಕಾಮ್' ಅಂತ ಶುರುವಾದ ಸರ್ಕಾರಿ ಮೇಳ ಇದು. 2020ರಲ್ಲಿ ಇದರ 23ನೇ ಆವೃತ್ತಿ. ಕೊರೊನಾ ಇತ್ತು, ಜನ ಸೇರುವಂತಿರಲಿಲ್ಲ. ಹಾಗಾಗಿ ನವೆಂಬರ್ 19ರಿಂದ 21ರವರೆಗೆ ಇಡೀ ಮೇಳ ಆನ್‌ಲೈನ್‌ಗೆ ಬಂತು. ಪ್ರಧಾನಿ ದೆಹಲಿಯಿಂದಲೇ ಉದ್ಘಾಟಿಸಿದರು. ಆಸ್ಟ್ರೇಲಿಯಾದ ಆಗಿನ ಪ್ರಧಾನಿ ಸ್ಕಾಟ್ ಮಾರಿಸನ್ ಬೆಂಗಳೂರಿಗೆ ಕಾಲಿಡದೇ ಮಾತಾಡಿದರು. 2021ರಲ್ಲಿ ಅರ್ಧ ಸಭಾಂಗಣ, ಅರ್ಧ ಆನ್‌ಲೈನ್. 2022ರ ನವೆಂಬರಿನಲ್ಲಿ ಬೆಳ್ಳಿಹಬ್ಬದ ಸಮಿಟ್ ಮತ್ತೆ ಬೆಂಗಳೂರು ಅರಮನೆಯ ಆವರಣ ಸೇರಿತು. ಎಲ್ಲರೂ 'ಅಬ್ಬಾ, ಮುಗೀತು' ಅಂತ ಉಸಿರು ಬಿಟ್ಟರು.

ಯಾಕೆ ಉಸಿರು ಬಿಟ್ಟಿರಿ ಅಂತ ಕೇಳಿದರೆ ಒಂದೇ ಉತ್ತರ: "ಆನ್‌ಲೈನ್‌ನಲ್ಲಿ ನೆಟ್‌ವರ್ಕಿಂಗ್ ಆಗಲ್ಲ." ಭಾಷಣ ಯೂಟ್ಯೂಬಿನಲ್ಲೂ ಸಿಗುತ್ತೆ, ನಿಜವಾದ ವ್ಯವಹಾರ ಆಗೋದು ಕಾರಿಡಾರಿನಲ್ಲಿ, ಕಾಫಿ ಕಪ್ಪು ಹಿಡಿದು ನಿಂತಾಗ ಅಂತ.

ಒಪ್ಪಿದೆ. ಆದರೆ ಆ ಕಾರಿಡಾರಿನಲ್ಲಿ ನಿಲ್ಲೋರು ಯಾರು?

ನಮ್ಮೂರು ನೇಸರಗಿಯಿಂದ ಬೆಂಗಳೂರು ಸುಮಾರು 500 ಕಿಲೋಮೀಟರ್. ರಾತ್ರಿ ಬಸ್ಸು, ರೂಮು, ಊಟ, ಪಾಸು, ಮೂರು ದಿನದ ರಜೆ. ಬೆಳಗಾವಿಯ ಉದ್ಯಮಬಾಗದಲ್ಲಿ ನಾಲ್ಕು ಆಳು ಇಟ್ಟುಕೊಂಡು ಪಂಪಿನ ಬಿಡಿಭಾಗ ಮಾಡುವವನು ಮೂರು ದಿನ ಮಷೀನು ನಿಲ್ಲಿಸಿ ಬರ್ತಾನಾ? ಬೈಲಹೊಂಗಲದಲ್ಲಿ ಕೂತು ಸಣ್ಣ ಸಾಫ್ಟ್‌ವೇರ್ ಬರೆಯುವ ಹುಡುಗಿಯನ್ನು ಮನೆಯವರು ಒಬ್ಬಳನ್ನೇ ಕಳಿಸ್ತಾರಾ? ಇವರಿಗೆ ಕಾರಿಡಾರು 2019ರಲ್ಲೂ ಇರಲಿಲ್ಲ, ಈಗಲೂ ಇಲ್ಲ. 2020ರಲ್ಲಿ ಕಿಟಕಿಯಾದರೂ ತೆರೆದಿತ್ತು. ಒಳಗೆ ಕೂತವರು "ಕಿಟಕಿಯಿಂದ ಏನು ಕಾಣುತ್ತೆ ಬಿಡ್ರಿ" ಅಂದರೆ ಹೊರಗೆ ನಿಂತವರಿಗೆ ಹೇಗನ್ನಿಸಬೇಡ?

ಇನ್ನೊಂದು ವಾದವಿದೆ, ಅದಕ್ಕೆ ಮಾತ್ರ ನಾನು ತಲೆಬಾಗ್ತೇನೆ. ಶಾಮಿಯಾನ ಹಾಕುವವರು, ಅಡುಗೆಯವರು, ಹೋಟೆಲ್ ಹುಡುಗರು, ಟ್ಯಾಕ್ಸಿಯವರು... ಮೇಳ ಪರದೆಗೆ ಹೋದರೆ ಇವರ ಹೊಟ್ಟೆಗೆ ಪೆಟ್ಟು. ಸಭಾಂಗಣ ಮುಚ್ಚಿ ಅಂತ ನಾನು ಹೇಳ್ತಾ ಇಲ್ಲ. ಸಭಾಂಗಣ ಇರಲಿ. ಕಷ್ಟಕಾಲದಲ್ಲಿ ತೆರೆದ ಕಿಟಕಿಯನ್ನು ಕಷ್ಟ ತೀರಿದ ಮೇಲೆ ಯಾಕೆ ಮುಚ್ಚಬೇಕು, ಅಷ್ಟೇ ನನ್ನ ಜಗಳ.

ಈಗ ನಮ್ಮ ಕಡೆಯ ಇನ್ನೊಂದು ಸಂತೆಗೆ ಬನ್ನಿ. ಎಪಿಎಂಸಿ. ಹಿಂದೆ ವ್ಯಾಪಾರಿಗಳು ಚೀಟಿಯಲ್ಲಿ ದರ ಬರೆದು ಡಬ್ಬಿಗೆ ಹಾಕುತ್ತಿದ್ದರು. 2014ರಲ್ಲಿ ಕರ್ನಾಟಕ ಸರ್ಕಾರ ಪಾಲುದಾರಿಕೆಯಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಅನ್ನೋ ಕಂಪನಿ ಕಟ್ಟಿ ಆ ಚೀಟಿಯನ್ನು ಕಂಪ್ಯೂಟರಿಗೆ ತಂತು. ದೇಶಕ್ಕೆಲ್ಲ ಇ-ನಾಮ್ ಬಂದದ್ದು ಅದಾದ ಮೇಲೆ, 2016ರ ಏಪ್ರಿಲ್‌ನಲ್ಲಿ. ದಲಾಲಿ ಅಂಗಡಿ, ಹಮಾಲರು, ತೂಕ, ಎಲ್ಲದರಲ್ಲೂ ಹುಳುಕಿದೆ, ಅದು ಬೇರೆ ಮಾತು. ಆದರೆ ಅಲ್ಲಿ ಒಬ್ಬ ಜಾಣ ಕೂತು ಯೋಚನೆ ಮಾಡಿದ್ದಾನೆ ನೋಡಿ. ಹತ್ತಿಯ ಎಳೆಯನ್ನು ಕೈಯಲ್ಲಿ ಎಳೆದು ನೋಡಲೇಬೇಕು, ಆದ್ದರಿಂದ ಮಾಲು ಯಾರ್ಡಿನಲ್ಲೇ ಇರಲಿ. ದರ ಹೇಳೋದಕ್ಕೆ ಕೈ ಬೇಡ, ಅದು ಪರದೆಗೆ ಹೋಗಲಿ. ವ್ಯವಹಾರವನ್ನು ಬಿಡಿಸಿ, ಯಾವ ಭಾಗಕ್ಕೆ ಮನುಷ್ಯ ಎದುರಿಗೆ ಬೇಕು, ಯಾವುದಕ್ಕೆ ಬೇಡ ಅಂತ ವಿಂಗಡಿಸಿದರು. ಲಾಕ್‌ಡೌನ್ ಬಂದು ಹತ್ತು ದಿನ ಆಗುವ ಮೊದಲೇ, 2020ರ ಏಪ್ರಿಲ್ 2ಕ್ಕೆ, ರೈತ ಮಂಡಿಗೆ ಬಾರದೆ ಗೋದಾಮಿನಿಂದಲೇ ಮಾರುವ ಸೌಲಭ್ಯ ಇ-ನಾಮ್‌ನಲ್ಲಿ ಸೇರಿಸಿದರು.

ಆನ್‌ಲೈನ್ ಮೇಳ ಮಾಡುವ ಐಟಿ ಮಂದಿ ಈ ವಿಂಗಡಣೆ ಮಾಡೋದು ಕಡಿಮೆ. ಕೊರೊನಾ ದಿನಗಳಲ್ಲಿ ನಾನು ಹೊಕ್ಕ ಒಂದು ಆನ್‌ಲೈನ್ ಎಕ್ಸ್‌ಪೋ (ಹೆಸರು ಬೇಡ ಬಿಡಿ) ಹೇಗಿತ್ತು ಗೊತ್ತಾ? ಪರದೆ ತುಂಬ ಕಾರ್ಟೂನ್ ಹಾಲು. ಗಾಜಿನ ಬಾಗಿಲು, ಕುಂಡದಲ್ಲಿ ಗಿಡ, ನಗುವ ಬೊಂಬೆ ರಿಸೆಪ್ಷನಿಸ್ಟು. ಸ್ಟಾಲ್ ಒತ್ತಿದರೆ ಒಂದು ಪಿಡಿಎಫ್. ಕೆಳಗೆ "ನಿಮ್ಮ ನಂಬರ್ ಕೊಡಿ, ನಮ್ಮವರು ಸಂಪರ್ಕಿಸುತ್ತಾರೆ". ಇನ್ನೂ ಸಂಪರ್ಕಿಸ್ತಾನೇ ಇದ್ದಾರೆ :-) ಕಟ್ಟಡದ ಚಿತ್ರ ಬರೆಯೋಕೆ ಖರ್ಚು ಮಾಡಿದರು, ಒಬ್ಬ ಮನುಷ್ಯನನ್ನು ಫೋನಿನ ಮುಂದೆ ಕೂರಿಸೋಕೆ ಆಗಲಿಲ್ಲ. ಇಂಥದ್ದು ಮಾಡಿ "ಆನ್‌ಲೈನ್ ಸೋತಿತು" ಅಂತ ತೀರ್ಪು ಕೊಡೋದು, ಕುಣಿಯಲಾರದವಳು ನೆಲ ಡೊಂಕು ಅಂದಂತೆ.

"ಹಳ್ಳಿಯಲ್ಲಿ ನೆಟ್ ಎಲ್ಲಿದೆ?" ಅಂತೀರಾ? ಲೆಕ್ಕ ಹಾಕೋಣ. ಒಂದು ಗಂಟೆಯ ವಿಡಿಯೋ 1 ಎಂಬಿಪಿಎಸ್‌ನಲ್ಲಿ ಕಳಿಸಿದರೆ 450 ಎಂಬಿ. ಅದೇ ಗಂಟೆಯ ಬರೀ ಮಾತು 32 ಕೆಬಿಪಿಎಸ್‌ನಲ್ಲಿ 14 ಎಂಬಿ ಚಿಲ್ಲರೆ. ಮೂವತ್ತು ಪಟ್ಟು ಹಗುರ! ಭಾಷಣಕಾರರ ಟೈ ಕಾಣದಿದ್ದರೆ ಯಾರಿಗೂ ನಷ್ಟವಿಲ್ಲ. ನೆಟ್ ನಿಧಾನ ಅನ್ನೋದು ಕಿಟಕಿ ಮುಚ್ಚೋಕೆ ಕಾರಣ ಅಲ್ಲ, ಹಗುರಾಗಿ ಕಟ್ಟೋಕೆ ಕಾರಣ.

ಹಾಗಾದರೆ ಏನು ಮಾಡಬೇಕು? ನನ್ನ ಮೂರು ಬೇಡಿಕೆ ಬರ್ಕೊಳ್ಳಿ.

ಒಂದು, ಕನ್ನಡ. ಸಭಾಂಗಣದಲ್ಲಿ ಕನ್ನಡ ಅನುವಾದ ಬೇಕಂದರೆ ಹೆಡ್‌ಫೋನು, ಬೂತು ಅಂತೆಲ್ಲ ಬೇಕು. ಆನ್‌ಲೈನ್‌ನಲ್ಲಿ ಬೇಕಿರೋದು ಒಬ್ಬ ಒಳ್ಳೆಯ ಅನುವಾದಕ ಮತ್ತು ಇನ್ನೊಂದು ಆಡಿಯೋ ಚಾನೆಲ್. ಜೂಮ್‌ನಲ್ಲೇ ಆ ಸೌಲಭ್ಯ ಇದೆ. ಕನ್ನಡಿಗರ ತೆರಿಗೆ ದುಡ್ಡಿನ ಮೇಳದಲ್ಲಿ ಇಷ್ಟೂ ಕೇಳಬಾರದಾ?

ಎರಡು, ಭೇಟಿ. ಮೇಳಕ್ಕೆ ಎರಡು ವಾರ ಮೊದಲೇ, ಕೊಳ್ಳುವವರೂ ಮಾರುವವರೂ ಹೆಸರು ಹಚ್ಚಿ ಹದಿನೈದು ನಿಮಿಷದ ಭೇಟಿ ಗೊತ್ತು ಮಾಡಿಕೊಳ್ಳುವ ಹಾಗಿರಲಿ, ಫೋನಿನಲ್ಲಾದರೂ ಸರಿ. ಕಾರಿಡಾರಿನಲ್ಲಿ ಅದೃಷ್ಟ ಇದ್ದವರಿಗೆ ಸಿಗೋದು ಇಲ್ಲಿ ಸರದಿಯಲ್ಲಿ ಬಂದವರಿಗೆ ಸಿಗಲಿ.

ಮೂರು, ಜಾಗ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿದ್ದೂ 1998ರಲ್ಲೇ, ಇರೋದು ಬೆಳಗಾವಿಯಲ್ಲಿ. ರಾಜ್ಯದ ತುಂಬ ಅದರ ಕಾಲೇಜುಗಳಿವೆ. ಮೇಳದ ಮೂರು ದಿನ ಒಂದೊಂದು ಜಿಲ್ಲೆಯಲ್ಲಿ ಒಂದು ಕಾಲೇಜಿನ ಸಭಾಂಗಣ, ಒಳ್ಳೆಯ ನೆಟ್ಟು, ಒಂದು ದೊಡ್ಡ ಪರದೆ, ಚಹಾ. ಅಲ್ಲೂ ಒಂದು ಕಾರಿಡಾರು ಹುಟ್ಟುತ್ತೆ ನೋಡ್ರಿ! ಉದ್ಯಮಬಾಗದವನೂ ಬೈಲಹೊಂಗಲದವಳೂ ಅಲ್ಲಿ ಸಿಗ್ತಾರೆ. 'ಬಿಯಾಂಡ್ ಬೆಂಗಳೂರು' ಅನ್ನೋ ಘೋಷಣೆಗೆ ಅರ್ಥ ಬರೋದು ಆಗ.

ಇದನ್ನೆಲ್ಲ ಈಗಲೇ ಮಾಡಬೇಕು. ಬಿಕ್ಕಟ್ಟು ಅಂದರೆ ಕೊರೊನಾ ಒಂದೇ ಅಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಕಡೆ ಏನಾಯಿತು ಅಂತ ನಮ್ಮ ತಾಲೂಕುಗಳಿಗೆ ಮರೆತಿಲ್ಲ. ಮುಂದಿನ ಕಷ್ಟ ಬಂದಾಗ ಮತ್ತೆ ಗಡಿಬಿಡಿಯಲ್ಲಿ ಕಾರ್ಟೂನ್ ಹಾಲು ಕಟ್ಟೋದಾ? ದಿನಾ ಬಳಸುವ ದಾರಿಯಾದರೆ ಕಷ್ಟಕಾಲಕ್ಕೂ ಒದಗುತ್ತೆ. ಆರು ವರ್ಷ ಹುಲ್ಲು ಬೆಳೆಯಲು ಬಿಟ್ಟ ದಾರಿ ಯಾವ ಕಾಲಕ್ಕೂ ಒದಗಲ್ಲ.

ಬ್ಲಾಗಿಗ ಮಿತ್ರರೇ, ಬೆಂಗಳೂರಿಗೆ ಹೋಗದೆಯೇ ನಾವು ನೀವು ಇಲ್ಲಿ ಒಬ್ಬರನ್ನೊಬ್ಬರು ಓದಿ, ಜಗಳಾಡಿ, ಗೆಳೆಯರಾದವರು. ಪರದೆ ಮೇಲೆ ಸಂಬಂಧ ಬೆಳೆಯಲ್ಲ ಅಂತ ಯಾರಾದರೂ ಹೇಳಿದರೆ ನಾವೇ ನಂಬಬಾರದು. ನಿಮ್ಮೂರಿಂದ ಬೆಂಗಳೂರಿಗೆ ಬಸ್ ಚಾರ್ಜು ಎಷ್ಟು, ಕೆಳಗೆ ಬರೀರಿ. ಕೂಡಿಸಿ ನೋಡೋಣ, ಕಾರಿಡಾರಿನ ಒಂದು ಕಪ್ ಕಾಫಿ ನಮಗೆ ಎಷ್ಟಕ್ಕೆ ಬೀಳುತ್ತೆ ಅಂತ.