ನದಿ ದಾಟಿದ ಪೈಪು, ಬೀದಿ ದಾಟದ ನೀರು



ಹಾಸ್ಟೆಲಿನಲ್ಲಿ ಸಿವಿಲ್ ಓದುವ ಹುಡುಗನೊಬ್ಬ ಕೇಳಿದ: 'ನದೀಲೇ ನೀರಿದೆಯಲ್ಲ, ಅದರ ಅಡೀಲಿ ಮತ್ತೆ ನೀರಿನ ಪೈಪು ಯಾಕೆ ಹೂಳ್ತಾರೆ?' ಪಕ್ಕದವರು ನಕ್ಕರು. ನಾವು ನಗಲಿಲ್ಲ. ಎದುರಿಗೇ ನೀರಿದ್ದೂ ಮುಟ್ಟಲಾಗದೆ ದೂರದಿಂದ ಹೊತ್ತು ತಂದವರ ಮಕ್ಕಳು ನಾವು. ಕೇಳಬೇಕಾದ ಪ್ರಶ್ನೆಯೇ ಅದು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಓಕ್‌ಲ್ಯಾಂಡ್ ಅನ್ನೋ ಊರಿದೆ. ಹೆಸರು ನಮಗೆ ಹೊಸದಲ್ಲ. 1966ರಲ್ಲಿ ಹ್ಯೂಯಿ ನ್ಯೂಟನ್, ಬಾಬಿ ಸೀಲ್ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದ್ದು ಅಲ್ಲಿ. 1972ರಲ್ಲಿ ಮುಂಬೈನ ನಮ್ಮ ಹುಡುಗರು ದಲಿತ ಪ್ಯಾಂಥರ್ ಅಂತ ಹೆಸರಿಟ್ಟುಕೊಂಡದ್ದು ಅವರನ್ನು ನೋಡಿಯೇ. ಆ ಊರು ಉಪ್ಪುನೀರಿನ ಕೊಲ್ಲಿಯ ದಂಡೆಯಲ್ಲಿದೆ, ಕುಡಿಯಲು ಬರದ ನೀರು. 1923ರಲ್ಲಿ ಅಲ್ಲಿಯವರು ಒಂದು ನೀರಿನ ಮಂಡಳಿ ಕಟ್ಟಿದರು. ಸಿಯೆರಾ ನೆವಾಡಾ ಬೆಟ್ಟದ ತಪ್ಪಲಲ್ಲಿ ಮೊಕೆಲಮ್ನಿ ನದಿಗೆ ಪಾರ್ಡಿ ಅಣೆಕಟ್ಟು ಕಟ್ಟಿ, ಸುಮಾರು 90 ಮೈಲಿ ಉಕ್ಕಿನ ಪೈಪು ಎಳೆದು, 1929ರಲ್ಲಿ ನೀರು ತಂದೇಬಿಟ್ಟರು. ಪೈಪಿನ ಅಗಲ 65 ಇಂಚು. ನಮ್ಮಲ್ಲಿ ಎಷ್ಟೋ ಜನ ತಲೆ ಬಗ್ಗಿಸದೆ ಅದರೊಳಗೆ ನಿಲ್ಲಬಹುದು.

ನಡುವೆ ಡೆಲ್ಟಾ ಪ್ರದೇಶ. ಸಮುದ್ರಮಟ್ಟಕ್ಕಿಂತ ತಗ್ಗಾದ ಜೌಗು ಮಣ್ಣು, ಪೈಪಿನ ಭಾರ ತಡೆಯೋದಿಲ್ಲ. ಕಂಬ ಹೂಡಿ ಪೈಪನ್ನು ಮೇಲೆತ್ತಿ ಒಯ್ದರು. ಸ್ಯಾನ್ ವಾಕೀನ್, ಮಿಡ್ಲ್, ಓಲ್ಡ್ ಎಂಬ ಮೂರು ನದಿಗಳು ಬಂದಾಗ ಮಾತ್ರ ತಳಕ್ಕೆ ಇಳಿಸಿದರು.

ಇಳಿಸೋದು ಸುಲಭ ಅಂದುಕೊಳ್ಳಬೇಡಿ. ಖಾಲಿ ಪೈಪು ಮುಳುಗೋದಿಲ್ಲ, ತೇಲುತ್ತೆ! ಲೆಕ್ಕ ಹಾಕಿ ನೋಡಿ: 65 ಇಂಚಿನ ಪೈಪು ಮೀಟರಿಗೆ ಎರಡು ಟನ್ನಿಗೂ ಹೆಚ್ಚು ನೀರನ್ನು ತಳ್ಳುತ್ತೆ. ಉಕ್ಕು ಅರ್ಧ ಇಂಚು ದಪ್ಪ ಅಂತಿಟ್ಟುಕೊಂಡರೂ ಅದರ ತೂಕ ಅರ್ಧ ಟನ್ನು ಅಷ್ಟೆ. ಆದ್ದರಿಂದ ಇಂಥ ಕೆಲಸದಲ್ಲಿ ನದಿತಳದಲ್ಲಿ ಕಾಲುವೆ ತೋಡಿ, ಪೈಪಿಗೆ ಕಾಂಕ್ರೀಟಿನ ಭಾರ ಕಟ್ಟಿ ಇಳಿಸಿ, ಮೇಲೆ ಕಲ್ಲು ಮಣ್ಣು ಮುಚ್ಚುತ್ತಾರೆ. ಇಲ್ಲದಿದ್ದರೆ ಒಂದು ಪ್ರವಾಹ ಸಾಕು, ಹಡಗಿನ ಒಂದು ಲಂಗರು ಸಾಕು.

ತಳದಲ್ಲಿ ಕೆಲಸ ನೋಡೋನು ಮುಳುಗುಗಾರ. ಆ ಕಾಲದಲ್ಲೇ ಮುಳುಗುಗಾರನಿಗೆ ತಾಮ್ರದ ಶಿರಸ್ತ್ರಾಣ, ಮೈತುಂಬ ರಬ್ಬರಿನ ಬಟ್ಟೆ, ಮೇಲಿಂದ ಗಾಳಿಯ ಕೊಳವೆ, ಸೊಂಟಕ್ಕೆ ಹಗ್ಗ. ಆ ಹಗ್ಗ ಹಿಡಿದು ದೋಣಿಯಲ್ಲಿ ಒಬ್ಬ ಕಾಯ್ತಿರಬೇಕು. ನೂರು ವರ್ಷದ ಹಿಂದಿನ ಮಾತು ಇದು. ನಮ್ಮ ನಗರಗಳಲ್ಲಿ ಮ್ಯಾನ್‌ಹೋಲಿಗೆ ಇಳಿದು ಸತ್ತ ನಮ್ಮವರ ಸೊಂಟಕ್ಕೆ ಯಾವ ಹಗ್ಗ ಇತ್ತು? ಕಾನೂನು 1993ರಲ್ಲಿ ಬಂತು, 2013ರಲ್ಲಿ ಮತ್ತೊಂದು ಬಂತು. ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಹೆಣದ ಬೆಲೆ ಏರಿತು, ಇಳಿಯೋದು ನಿಂತಿಲ್ಲ. ನೀರು ತರೋನು ಇಂಜಿನಿಯರು, ಅದು ಹೊಲಸಾದ ಮೇಲೆ ಬಾಚೋನು ಮಾತ್ರ ನಮ್ಮೋನು.

ಇನ್ನೊಂದು ಲೆಕ್ಕ. ಆ ಮಂಡಳಿ ಹುಟ್ಟಿದ 1923ರಲ್ಲೇ ಮುಂಬೈ ಶಾಸನಸಭೆ ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಬೋಲೆಯವರ ನಿರ್ಣಯ ಒಪ್ಪಿತು. 1924ರಲ್ಲಿ ಮಹಾಡ್ ಪುರಸಭೆಯೂ ಒಪ್ಪಿತು, ಕಾಗದದ ಮೇಲೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಯ ನೀರು ಬೊಗಸೆಯಲ್ಲೆತ್ತಿ ಕುಡಿದಾಗ ನಮ್ಮವರಿಗೆ ಹೊಡೆತ ಬಿತ್ತು. ಹೈಕೋರ್ಟು ಕೆರೆ ನಿಮ್ಮದೂ ಹೌದು ಅಂದದ್ದು 1937ರಲ್ಲಿ. ಅಲ್ಲಿ 90 ಮೈಲಿ, ಮೂರು ನದಿ, ಆರು ವರ್ಷ. ಇಲ್ಲಿ ಕೆರೆಯ ನಾಲ್ಕು ಮೆಟ್ಟಿಲು ಇಳಿಯೋಕೆ ಹದಿನಾಲ್ಕು ವರ್ಷ. ಇದಕ್ಕೆ ಯಾವ ಇಂಜಿನಿಯರಿಂಗ್ ಪುಸ್ತಕದಲ್ಲಿ ಸೂತ್ರ ಇದೆ ಹೇಳ್ರಪ್ಪ?

ಹಾಗಂತ ಓಕ್‌ಲ್ಯಾಂಡನ್ನು ಹೊಗಳಿ ಮುಗಿಸೋಕಾಗಲ್ಲ. ಮೊಕೆಲಮ್ನಿ ಅನ್ನೋದು ಅಲ್ಲಿನ ಮಿವಾಕ್ ಆದಿವಾಸಿಗಳ ಹೆಸರು. ಚಿನ್ನದ ಆಸೆಗೆ ನುಗ್ಗಿದವರು ಆ ಜನರನ್ನು ಅವರ ನೆಲದಿಂದಲೇ ಕಿತ್ತರು, ಹೆಸರು ಮಾತ್ರ ನದಿಗೂ ಪೈಪಿಗೂ ಉಳಿಯಿತು. ಡೆಲ್ಟಾದ ಏರಿಗಳಿಗೆ ಮಣ್ಣು ಹೊತ್ತ ಚೀನೀ ಕೂಲಿಗಳಿಗೆ 1882ರ ಕಾನೂನು ದೇಶದ ಬಾಗಿಲನ್ನೇ ಮುಚ್ಚಿತು. ಕರಿಯರ ಮನೆಗೆ ಕೊಳಾಯಿ ನೀರು ಬಂತು ನಿಜ, ಅದನ್ನು ಮುಚ್ಚಿಡಬಾರದು. ಆದರೆ 1937ರ ಸಾಲದ ನಕ್ಷೆಯಲ್ಲಿ ಪಶ್ಚಿಮ ಓಕ್‌ಲ್ಯಾಂಡಿಗೆ ಕೆಂಪು ಬಣ್ಣ ಬಳಿದರು, ಅಂದರೆ ಅಲ್ಲಿ ಮನೆಗೆ ಸಾಲ ಕೊಡಬೇಡಿ ಅಂತ. ಪ್ಯಾಂಥರ್ಸ್ ಸುಮ್ಮನೆ ಹುಟ್ಟಲಿಲ್ಲ.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ಬೆಟ್ಟ ಹತ್ತಿ ಬೆಂಗಳೂರಿಗೆ ಬರ್ತಾಳೆ. ಮೊದಲ ಹಂತ 1974ರಲ್ಲಿ, ಐದನೆಯದು 2024ರಲ್ಲಿ. ಊರೂರಿಗೂ ಈಗ ಪೈಪು ಹೂಳ್ತಿದ್ದಾರೆ. ಗುಂಡಿ ತೋಡೋರಲ್ಲಿ ನಮ್ಮ ಅಪ್ಪ ಅವ್ವಂದಿರೇ ಎಷ್ಟು ಜನ! ಪೈಪು ಊರಿನ ಟ್ಯಾಂಕಿನಿಂದ ಹೊರಟು ಕೇರಿಗೆ ಬರೋ ಹೊತ್ತಿಗೆ ಸಣ್ಣಗಾಗುತ್ತೆ, ಕಡೇ ನಲ್ಲಿಯಲ್ಲಿ ಗಾಳಿ ಬರುತ್ತೆ.

ಸಿವಿಲ್, ಡಿಪ್ಲೊಮಾ ಓದ್ತಿರೋ ಗೆಳೆಯರಿಗೆ ನಮ್ಮದೊಂದು ಕೆಲಸ. ರಜೆಗೆ ಊರಿಗೆ ಹೋದಾಗ ಟೇಪು ಹಿಡಿದು ಹೋಗಿ. ಟ್ಯಾಂಕಿನಿಂದ ಮೇಲಿನ ಬೀದಿಗೆ ಎಷ್ಟು ಇಂಚಿನ ಪೈಪು, ಕೇರಿಗೆ ಎಷ್ಟು ಇಂಚಿನದು, ವಾಲ್ವಿನ ಕೀಲಿ ಯಾರ ಮನೇಲಿರುತ್ತೆ, ದಿನಕ್ಕೆ ಎಷ್ಟು ಹೊತ್ತು ತಿರುಗಿಸ್ತಾರೆ, ಇಷ್ಟನ್ನೂ ಬರಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಊರಿನ ಹೆಸರು ಸಮೇತ ಅಚ್ಚು ಹಾಕ್ತೇವೆ.